ಸೆಲ್ಫ್ ಹೊಡೆಯುವ ಮೊದಲು

ಶಿಕಾರಿಪುರ

ಪ್ರೀತಿಯ ತಮ್ಮಾ,

ಮಳೆಗಾಲ ಕಳೆದ ಮೇಲೆ ಕರಾವಳಿಗೆ ಹೋಗಿ ಬೋಟ್ ಓಡಿಸುವ ಕೆಲಸಕ್ಕೆ ಸೇರುತ್ತೀಯಂತೆ, ನಿನ್ನ ಅಪ್ಪ ಹೇಳಿದರು. ಸೇರು, ನನಗೆ ಸಂತೋಷವೇ. ಸೊರಬದ ದಂಡಾವತಿಯಲ್ಲಿ ಈಜು ಕಲಿತವನು ನೀನು, ಸ್ಪ್ಯಾನರ್ ಹಿಡಿಯುವುದೂ ಗೊತ್ತು. ಆದರೆ ಹೋದ ವಾರ ನೀನು ಫೋನಿನಲ್ಲಿ ತೋರಿಸಿದ ಜೆಟ್ ಬೋಟಿನ ವಿಡಿಯೋ ನನ್ನ ತಲೆಯಿಂದ ಇಳಿದಿಲ್ಲ. ಪೂರ್ತಿ ವೇಗದಲ್ಲಿ ಬಂದ ಬೋಟು ಗಿರ್ರನೆ ತಿರುಗಿತು, ಮೂತಿ ನೀರಿಗೆ ಇಳಿಯಿತು, ಕೂತವರೆಲ್ಲ ಕೇಕೆ ಹಾಕಿದರು. ನೀನು ಅವರ ಮುಖ ನೋಡುತ್ತಿದ್ದೆ. ನಾನು ಇಂಜಿನ್ ಮುಚ್ಚಳದ ಮೇಲೆ ಹರಿದುಹೋದ ನೀರು ನೋಡುತ್ತಿದ್ದೆ. ನಿನ್ನಂಥ ಆಸೆಯ ಹುಡುಗರು ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನಲ್ಲಿ ಇನ್ನೂ ಇದ್ದಾರೆ. ಅದಕ್ಕೇ ಎಲ್ಲರೂ ಓದಲಿ ಎಂದು ಈ ಪತ್ರ.

ಕುಮುದ್ವತಿ ತುಂಬಿ ಅಂಜನಾಪುರ ಡ್ಯಾಂ ಕೋಡಿ ಬಿದ್ದ ದಿನಗಳಲ್ಲಿ ಗ್ಯಾರೇಜಿಗೆ ಎಂಥ ಬೈಕುಗಳು ಬರುತ್ತವೆ, ನೀನೇ ಕಂಡಿದ್ದೀಯ. ಹಳ್ಳದ ನೀರು ಒಳಗೆ ಹೋಗಿ ಇಂಜಿನ್ ಆಫ್ ಆಗಿರುತ್ತದೆ. ಅಲ್ಲಿಗೇ ಬಿಟ್ಟಿದ್ದರೆ ಅರ್ಧ ದಿನದ ಕೆಲಸ. ಬಿಡುವುದಿಲ್ಲ. ದಡಕ್ಕೆ ತಳ್ಳಿಕೊಂಡು ಬಂದು ಬ್ಯಾಟರಿ ಇಳಿಯುವವರೆಗೆ ಸೆಲ್ಫ್ ಹೊಡೆಯುತ್ತಾರೆ, ಕಿಕ್ಕರ್ ಮೇಲೆ ನಿಂತು ಒದೆಯುತ್ತಾರೆ. ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. 150 ಸಿಸಿ ಇಂಜಿನ್ನಿನ ಕಂಪ್ರೆಷನ್ 10ಕ್ಕೆ 1 ಅಂತ ಇಟ್ಟುಕೊಂಡರೆ, ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಅದರ ನೆತ್ತಿಯ ಮೇಲೆ ಉಳಿಯುವ ಜಾಗ ಸುಮಾರು 17 ಮಿಲಿಲೀಟರ್. ಮೂರು ಟೀ ಚಮಚಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಒಳಗಿನ ನೀರು ಅದನ್ನು ಮೀರಿದರೆ ಪಿಸ್ಟನ್ ಮೇಲೆ ಬರಲಾರದು. ಕೆಳಗಿನಿಂದ ಕ್ರ್ಯಾಂಕ್ ತಳ್ಳುವುದನ್ನು ನಿಲ್ಲಿಸದು. ನಡುವೆ ಸಿಕ್ಕಿಕೊಂಡ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಸ್ವಲ್ಪವೇ ಬಾಗಿದ ರಾಡ್ ಬರಿಗಣ್ಣಿಗೆ ನೆಟ್ಟಗೇ ಕಾಣುತ್ತದೆ. ಉದ್ದಕ್ಕೆ ಸ್ಟೀಲ್ ಸ್ಕೇಲ್ ಇಟ್ಟು ಬೆಳಕಿಗೆ ಹಿಡಿ, ನಡುವೆ ಕೂದಲೆಳೆಯಷ್ಟು ಸಂದಿನಲ್ಲಿ ಬೆಳಕು ತೂರುತ್ತದೆ. ಆ ಕೂದಲೆಳೆಯನ್ನು ಇಟ್ಟುಕೊಂಡೇ ಇಂಜಿನ್ ಸ್ಟಾರ್ಟ್ ಆಗಬಹುದು, ಕೆಲವು ದಿನ ಓಡಲೂಬಹುದು. ಆಮೇಲೊಂದು ದಿನ ಜೋರು ಓಟದಲ್ಲಿ ರಾಡ್ ಮುರಿದು ಬ್ಲಾಕಿನ ಗೋಡೆ ಒಡೆದು ಹೊರಬರುತ್ತದೆ. ಬೈಕಿನಲ್ಲಾದರೆ ರಸ್ತೆ ಬದಿಗೆ ನಿಲ್ಲಬಹುದು. ಬೋಟಿನಲ್ಲಿ?

ಜೆಟ್ ಬೋಟಿನ ಇಂಜಿನ್ ಇನ್ನೂ ದೊಡ್ಡದು. 5.7 ಲೀಟರಿನ ಎಂಟು ಸಿಲಿಂಡರ್ ಇಂಜಿನ್ನಿಗೆ, ಕಂಪ್ರೆಷನ್ 9ಕ್ಕೆ 1 ಆದರೆ, ಒಂದೊಂದು ಸಿಲಿಂಡರಿನಲ್ಲಿ ಉಳಿಯುವ ಜಾಗ 90 ಮಿಲಿಲೀಟರಿನ ಆಸುಪಾಸು. 4,000 ಆರ್‌ಪಿಎಂನಲ್ಲಿ ಪ್ರತಿ ಸಿಲಿಂಡರ್ ಸೆಕೆಂಡಿಗೆ ಮೂವತ್ತಕ್ಕೂ ಹೆಚ್ಚು ಸಲ ಉಸಿರೆಳೆಯುತ್ತದೆ. ಅಲೆಯೊಂದು ಏರ್ ಫಿಲ್ಟರ್ ಮುಟ್ಟಿದರೆ ಕೈ ಥ್ರಾಟಲ್‌ಗೆ ಹೋಗುವ ಮೊದಲೇ ಕೆಲಸ ಮುಗಿದಿರುತ್ತದೆ.

ಈ ಬೋಟು ಹುಟ್ಟಿದ್ದು ಆಟಕ್ಕಲ್ಲ. ನ್ಯೂಜಿಲೆಂಡಿನ ವಿಲಿಯಂ ಹ್ಯಾಮಿಲ್ಟನ್ ಅದನ್ನು ರೂಢಿಗೆ ತಂದದ್ದು 1950ರ ದಶಕದಲ್ಲಿ, ಅಲ್ಲಿನ ಆಳವಿಲ್ಲದ, ಕಲ್ಲು ತುಂಬಿದ ನದಿಗಳಿಗಾಗಿ. ಕೆಳಗೆ ಚಾಚಿಕೊಂಡ ಫ್ಯಾನ್ ಇಲ್ಲ. ತಳದ ಜಾಲರಿಯಿಂದ ನೀರು ಎಳೆದು ಹಿಂದಿನ ನಳಿಗೆಯಿಂದ ರಭಸವಾಗಿ ಎಸೆಯುತ್ತದೆ, ಬೋಟು ಮುಂದೆ ಹೋಗುತ್ತದೆ. 1977ರಲ್ಲಿ ಎಡ್ಮಂಡ್ ಹಿಲರಿ ಇಂಥ ಮೂರು ಬೋಟುಗಳಲ್ಲಿ ಗಂಗಾಸಾಗರದಿಂದ ಗಂಗೆಯ ಎದುರು ಹರಿವಿನಲ್ಲಿ ಹಿಮಾಲಯದ ನಂದಪ್ರಯಾಗದ ಹತ್ತಿರದವರೆಗೆ ಹೋದರು. ಅಲ್ಲೊಂದು ಜಲಪಾತ ಅಡ್ಡ ಬಂತು, ಬೋಟು ಬಿಟ್ಟು ನಡೆದರು. ಅಷ್ಟು ಗಟ್ಟಿ ಯಂತ್ರ. ಆದರೂ ಎಲ್ಲಿ ನಿಲ್ಲಿಸಬೇಕು ಎಂದು ಅದನ್ನು ನಡೆಸುವವರಿಗೆ ಗೊತ್ತಿತ್ತು.

ನಿನ್ನ ವಿಡಿಯೋದ ಗಿರಕಿಗೆ ಹ್ಯಾಮಿಲ್ಟನ್ ಟರ್ನ್ ಅಂತಲೇ ಹೆಸರು. ಥ್ರಾಟಲ್ ಇಳಿಸಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ಮತ್ತೆ ಥ್ರಾಟಲ್ ಕೊಟ್ಟಾಗ ಮೂತಿ ಅದ್ದುತ್ತದೆ, ಹಿಂಭಾಗ ಸುತ್ತಿ ಬರುತ್ತದೆ, ಬೋಟೇ ಎಬ್ಬಿಸಿದ ಅಲೆ ಹಿಂದಿನಿಂದ ಬಂದು ಅದರ ಮೇಲೇ ಏರುತ್ತದೆ. ಮುಚ್ಚಳ ಸರಿಯಾಗಿ ಕೂತಿಲ್ಲದಿದ್ದರೆ ಅಲೆ ನೇರ ಇಂಜಿನ್ ಮೇಲೆ. ಅದೊಂದೇ ದಾರಿಯಲ್ಲ. ತಳದಲ್ಲಿ ಮೊದಲೇ ನಿಂತಿದ್ದ ನೀರು ತಿರುವಿನಲ್ಲಿ ಒಂದು ಬದಿಗೆ ನುಗ್ಗುತ್ತದೆ, ತಿರುಗುವ ಪುಲ್ಲಿ, ಬೆಲ್ಟ್ ಅದನ್ನು ಎರಚಿ ಏರ್ ಫಿಲ್ಟರಿಗೆ ತಲುಪಿಸುತ್ತವೆ. ಓಟದಲ್ಲಿದ್ದ ಇಂಜಿನ್ ತಟ್ಟನೆ ಆಫ್ ಆದರೆ ಸೈಲೆನ್ಸರ್ ಕಡೆಯಿಂದ ನೀರು ಹಿಂದಕ್ಕೆ ಬರುವುದೂ ಉಂಟು.

ಈಗ ಇಡೀ ಪತ್ರ ಯಾವ ಮಾತಿಗಾಗಿ ಬರೆದೆನೋ ಅದನ್ನು ಹೇಳುತ್ತೇನೆ, ಗಮನವಿಟ್ಟು ಓದು. ಜೆಟ್ ಬೋಟಿಗೆ ಚುಕ್ಕಾಣಿಯ ಹಲಗೆ ಇಲ್ಲ. ಹಿಂದೆ ಎಸೆಯುವ ನೀರಿನ ದಿಕ್ಕೇ ಅದರ ಚುಕ್ಕಾಣಿ, ಹಿಂದಕ್ಕೆಳೆದು ನಿಲ್ಲಿಸುವುದೂ ಆ ನೀರೇ. ಇಂಜಿನ್ ಸತ್ತರೆ ಸ್ಟೀರಿಂಗೂ ಇಲ್ಲ, ಬ್ರೇಕೂ ಇಲ್ಲ. ನೀನು ಚಕ್ರ ಎಷ್ಟು ತಿರುಗಿಸಿದರೂ ಬೋಟು ಹೊರಟ ದಿಕ್ಕಿಗೇ ಹೋಗುತ್ತದೆ, ಬಂಡೆಯಿರಲಿ, ಈಜುವವರಿರಲಿ. ಕೆಟ್ಟ ಇಂಜಿನ್ನಿಗೆ ದುಡ್ಡು ಹೊಂದಿಸಬಹುದು. ಹಿಂದಿನ ಸೀಟಿನಲ್ಲಿ ಮಗು ಕೂರಿಸಿಕೊಂಡ ತಾಯಿಗೆ ಏನು ಹೇಳುತ್ತೀ? ಗಿರಕಿ ಕಲಿಯಬೇಕೆಂದಿದ್ದರೆ ಬಲ್ಲವರ ಜೊತೆ, ಖಾಲಿ ಬೋಟಿನಲ್ಲಿ, ಸುತ್ತ ಯಾರೂ ಇಲ್ಲದ ತೆರೆದ ನೀರಿನಲ್ಲಿ ಕಲಿ. ಲೈಫ್ ಜಾಕೆಟ್ ಇರಲಿ, ಇಂಜಿನ್ ಆಫ್ ಮಾಡುವ ಹಗ್ಗ ಮೈಗೆ ಕಟ್ಟಿರಲಿ.

ನೀರು ಹೋದ ಅನುಮಾನ ಬಂದರೆ ಸೆಲ್ಫ್ ಮುಟ್ಟಬೇಡ. ದಡ ಸೇರಿದ ಮೇಲೆ ಮುಚ್ಚಳ ತೆಗೆದು ಪೆಟ್ರೋಲ್ ವಾಸನೆ ಹೋಗಲು ಬಿಡು. ಇಗ್ನಿಷನ್ ಬಂದ್ ಮಾಡಿ ಎಲ್ಲ ಪ್ಲಗ್ ಬಿಚ್ಚು, ಕೈಯಿಂದಲೇ ಕ್ರ್ಯಾಂಕ್ ತಿರುಗಿಸಿ ನೀರು ಹೊರಹಾಕು. ತಿರುಗದಿದ್ದರೆ ಬಲವಂತ ಬೇಡ. ಗೇಜ್ ಕಡ್ಡಿ ಎಳೆದು ನೋಡು, ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಕೆಳಗೂ ಇಳಿದಿದೆ. ಆಯಿಲ್, ಫಿಲ್ಟರ್ ಬದಲಿಸು, ಒಂದೇ ಸಲಕ್ಕೆ ಶುದ್ಧವಾಗದು, ಮತ್ತೆ ಬದಲಿಸು. ಇದೆಲ್ಲ ಅದೇ ದಿನ ಆಗಬೇಕು. ಉಪ್ಪುನೀರು ನಾಳೆಯವರೆಗೆ ಕಾಯುವುದಿಲ್ಲ, ಬೋರ್ ತುಕ್ಕು ಹಿಡಿದುಬಿಡುತ್ತದೆ.

ಮಲ್ಪೆ, ಮುರುಡೇಶ್ವರದ ಕಡೆ ನಿನ್ನ ಕೈಗೆ ಮೊದಲು ಸಿಗುವುದು ಜೆಟ್ ಸ್ಕೀಯೇ ಇರಬಹುದು. ಅದು ಮಗುಚಿದರೆ ಯಾವ ದಿಕ್ಕಿಗೆ ತಿರುಗಿಸಿ ಎತ್ತಬೇಕು ಎಂದು ಹಿಂಭಾಗದಲ್ಲಿ ಚೀಟಿ ಅಂಟಿಸಿರುತ್ತಾರೆ. ಉಲ್ಟಾ ಎತ್ತಿದರೆ ಸೈಲೆನ್ಸರಿನಲ್ಲಿ ನಿಂತ ನೀರು ಸಿಲಿಂಡರಿಗೆ ಇಳಿಯುತ್ತದೆ. ಕೆಟ್ಟು ನಿಂತದ್ದನ್ನು ಇನ್ನೊಂದು ಬೋಟಿಗೆ ಕಟ್ಟಿ ಜೋರಾಗಿ ಎಳೆದರೂ ಅದೇ ಗತಿ. ಸಂಜೆ ಸಿಹಿನೀರು ಹಾಯಿಸಿ ತೊಳೆಯುವಾಗ ಇಂಜಿನ್ ಮೊದಲು, ಆಮೇಲೆ ನಲ್ಲಿ. ನಿಲ್ಲಿಸುವಾಗ ನಲ್ಲಿ ಮೊದಲು, ಆಮೇಲೆ ಇಂಜಿನ್. ಈ ಕ್ರಮ ತಪ್ಪಿದರೆ ದಡದಲ್ಲಿ ನಿಂತ ಯಂತ್ರವೂ ನೀರು ಕುಡಿಯುತ್ತದೆ.

ಕೆಲಸಕ್ಕೆ ಒಪ್ಪುವ ಮೊದಲು ಮಾಲೀಕರನ್ನು ಕೇಳು, ಜನರನ್ನು ಕೂರಿಸಿಕೊಂಡು ಗಿರಕಿ ಹೊಡೆಯಬೇಕೇ ಎಂದು. ಹೌದು ಅಂದರೆ ಬೇರೆ ಕಡೆ ನೋಡು ಮಾರಾಯ, ಸಂಬಳ ಕಡಿಮೆಯಾದರೂ ಚಿಂತೆಯಿಲ್ಲ. ಗಿರಕಿ ಕೇಳದ ಜಾಗ ಸಿಗುವವರೆಗೆ ನಮ್ಮ ಗ್ಯಾರೇಜಿನಲ್ಲಿ ನಿನಗೆ ಕೆಲಸ ಇದ್ದೇ ಇದೆ.

ಇತಿ ನಿನ್ನ ಹಿತ ಬಯಸುವ,
ಶಿಕಾರಿಪುರದ ಮೆಕ್ಯಾನಿಕ್ ಅಣ್ಣ