ಯಾವ ಲಿಂಫೋಮಾ ಎಂದು ಕೇಳಿ

ವಯಸ್ಸಾದ ಬೆಕ್ಕು ಚೆನ್ನಾಗಿ ತಿನ್ನುತ್ತಲೇ ಇಳಿದುಹೋಗುತ್ತಿದ್ದರೆ ದಯವಿಟ್ಟು ಸುಮ್ಮನಿರಬೇಡಿ. ನಮ್ಮ ಗೌರಿ ವಾರಕ್ಕೆರಡು ಸಲ ಕಕ್ಕುತ್ತಿದ್ದಳು. ಕೂದಲುಂಡೆ ಇರಬೇಕು, ಬೆಕ್ಕಿಗೆ ಇದೆಲ್ಲ ಇದ್ದದ್ದೇ ಎಂದರು ಅಕ್ಕಪಕ್ಕದವರು. ಬೆನ್ನು ಸವರಿದರೆ ಮೂಳೆ ಕೈಗೆ ತಾಕುತ್ತಿತ್ತು.

ವೈದ್ಯೆ ಮೊದಲು ರಕ್ತಪರೀಕ್ಷೆ ಮಾಡಿಸಿದರು. ಮುದಿ ಬೆಕ್ಕು ಸೊರಗಲು ಥೈರಾಯ್ಡ್, ಮೂತ್ರಪಿಂಡ, ಸಕ್ಕರೆ ಕಾಯಿಲೆಗಳೂ ಕಾರಣವಾಗುತ್ತವೆ. ಅವು ಯಾವುದೂ ಅಲ್ಲವೆಂದಾದ ಮೇಲೆ ಸ್ಕ್ಯಾನಿಂಗ್. ಕರುಳಿನ ಗೋಡೆ ದಪ್ಪಗಾಗಿತ್ತು. ಅದು ಬರೀ ಉರಿಯೂತವೋ ಕ್ಯಾನ್ಸರೋ ಎಂದು ಸ್ಕ್ಯಾನ್ ನೋಡಿ ಹೇಳಲಾಗದು. ಸ್ಟೀರಾಯ್ಡ್ ಕೊಟ್ಟು ನೋಡೋಣವೇ ಎಂದು ಕೇಳಿದೆವು. ಮೊದಲೇ ಸ್ಟೀರಾಯ್ಡ್ ಕೊಟ್ಟರೆ ಬಯಾಪ್ಸಿಯಲ್ಲಿ ರೋಗ ಮರೆಯಾಗಬಹುದು ಎಂದು ಅವರು ಒಪ್ಪಲಿಲ್ಲ. ಆ ಹಟಕ್ಕೆ ನಾನು ಇವತ್ತಿಗೂ ಕೃತಜ್ಞ.

ಬಯಾಪ್ಸಿ ವರದಿಯಲ್ಲಿ ಲಿಂಫೋಮಾ ಎಂಬ ಕ್ಯಾನ್ಸರ್ ಎಂದಿತ್ತು. ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಮರುದಿನ ವೈದ್ಯೆ ಬಿಡಿಸಿ ಹೇಳಿದರು: ಕರುಳಿನ ಲಿಂಫೋಮಾದಲ್ಲಿ ದೊಡ್ಡ ಕಣದ್ದು ಬೇಗ ಹಬ್ಬುತ್ತದೆ, ಸಣ್ಣ ಕಣದ್ದು ನಿಧಾನ. ಗೌರಿಯದು ಸಣ್ಣ ಕಣದ್ದು. ಔಷಧಿಗೆ ಬಗ್ಗಿದರೆ ಇಂಥ ಬೆಕ್ಕುಗಳು 2 ವರ್ಷ, ಕೆಲವು ಅದಕ್ಕೂ ಹೆಚ್ಚು ಕಾಲ, ನೆಮ್ಮದಿಯಾಗಿ ಬದುಕುತ್ತವೆ. ಕ್ಯಾನ್ಸರ್ ಎಂಬ ಒಂದೇ ಮಾತು ಕೇಳಿ ಬೆಕ್ಕಿಗೆ ದಯಾಮರಣ ಕೊಡಿಸಲು ಹೊರಟವರನ್ನು ನಾನು ಕಂಡಿದ್ದೇನೆ. ಯಾವ ಬಗೆಯದೆಂದು ಅವರು ಕೇಳಿರಲೂ ಇಲ್ಲ.

ಚಿಕಿತ್ಸೆ ನಡೆದದ್ದು ಮನೆಯಲ್ಲೇ. ದಿನಾ ಪ್ರೆಡ್ನಿಸೊಲೋನ್ ಸ್ಟೀರಾಯ್ಡ್, ದಿನ ಬಿಟ್ಟು ದಿನ ಕ್ಲೋರಾಂಬ್ಯುಸಿಲ್ ಎಂಬ ಕೀಮೋ ಮಾತ್ರೆ, ಜೊತೆಗೆ ಬಿ12 ಚುಚ್ಚುಮದ್ದು. ಕೆಟ್ಟ ಕರುಳು ಈ ವಿಟಮಿನ್ನನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಕೀಮೋ ಎಂದರೆ ಮೈಕೂದಲೆಲ್ಲ ಉದುರುತ್ತದೆಂದು ಹೆದರಿದ್ದೆವು. ಬೆಕ್ಕುಗಳಲ್ಲಿ ಸಾಮಾನ್ಯವಾಗಿ ಹಾಗಾಗುವುದಿಲ್ಲ, ಮೀಸೆ ಉದುರಬಹುದು. ಬಿಳಿ ರಕ್ತಕಣ ಕುಸಿದಿದೆಯೇ ಎಂದು ಆಗಾಗ ರಕ್ತ ನೋಡಿಸಲೇಬೇಕು. ಅಡುಗೆಮನೆಯ ತಕ್ಕಡಿಯಲ್ಲಿ ವಾರವಾರ ತೂಗಿ ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದೆ. ಕಣ್ಣಿಗೆ ಕಾಣದ ನೂರು ಗ್ರಾಂ ಇಳಿತವನ್ನೂ ಅದು ತೋರಿಸಿಕೊಡುತ್ತಿತ್ತು.

ಕ್ಲೋರಾಂಬ್ಯುಸಿಲ್ ಮಾತ್ರೆಯನ್ನು ಮುರಿಯಬಾರದು, ಪುಡಿ ಮಾಡಬಾರದು, ಗ್ಲೌಸ್ ಇಲ್ಲದೆ ಮುಟ್ಟಬಾರದು. ಮಲಮೂತ್ರದ ಟ್ರೇ ತೊಳೆಯುವಾಗಲೂ ಗ್ಲೌಸ್ ಬೇಕು. ಗರ್ಭಿಣಿಯರು ಎರಡರಿಂದಲೂ ದೂರವಿರಬೇಕು. ಮಗಳು ಹೆರಿಗೆಗೆಂದು ಬಂದಾಗ ಟ್ರೇಯನ್ನು ಹಿತ್ತಲ ಬಚ್ಚಲಿಗೆ ಸಾಗಿಸಿ, ಆ ಕೆಲಸವನ್ನೆಲ್ಲ ನಾನೇ ವಹಿಸಿಕೊಂಡೆ.