ಅಂಕಿ ಜೋಡಿಸಿದರೆ ಅವಿಭಾಜ್ಯವೇ?

ಪ್ರಶ್ನೆ: ಎಂಟನೇ ತರಗತಿಯ ಹುಡುಗನೊಬ್ಬ 1, 12, 123, 1234 ಎಂದು ಒತ್ತೊತ್ತಾಗಿ ಬರೆಯುತ್ತ ಹೋದ. ಅವಿಭಾಜ್ಯ ಸಂಖ್ಯೆ ಒಂದೂ ಸಿಗಲಿಲ್ಲ. 1234567891 ಅವಿಭಾಜ್ಯ ಎಂದು ನಾನು ಓದಿದ್ದೆನಲ್ಲ ಸರ್?
– ಗಣಿತ ಶಿಕ್ಷಕಿ, ಶಿರಸಿ

ಉತ್ತರ: ನೀವು ಓದಿದ್ದು ಸರಿ, ಹುಡುಗನ ಲೆಕ್ಕವೂ ಸರಿ. 1234567891 ಅವಿಭಾಜ್ಯವೇ, ಆದರೆ ಅವನ ಸಾಲಿನದಲ್ಲ. ಅವನು 9 ಆದಮೇಲೆ 10ನ್ನು ಇಡಿಯಾಗಿ ಬರೆಯಬೇಕು. ಆಗ ಬರುವುದು 12345678910. ಕೊನೆಗೆ ಸೊನ್ನೆ ಬಂತೆಂದರೆ ಮುಂದೆ ನೋಡುವುದೇ ಬೇಡ.

ಸಮಸಂಖ್ಯೆಯಲ್ಲೋ 5ರಲ್ಲೋ ಮುಗಿಯುವುದು ಹೋಗುತ್ತದೆಂದು ಮಕ್ಕಳಿಗೆ ಗೊತ್ತು. ನಿಜವಾದ ಜರಡಿ 3. 10ನ್ನು 3ರಿಂದ ಭಾಗಿಸಿದರೆ ಶೇಷ 1. ಹಾಗಾಗಿ 3ರ ಮಟ್ಟಿಗೆ ಅಂಕಿ ಜೋಡಿಸುವುದೂ ಕೂಡುವುದೂ ಒಂದೇ. 1ರಿಂದ ಕೂಡುತ್ತ ಹೋಗಿ ನೋಡಿ: 1, 3, 6, 10, 15, 21, 28. ಕೊನೆಗೆ ಸೇರಿಸಿದ ಸಂಖ್ಯೆ 1, 4, 7 ಹೀಗೆ ಮೂರರ ಅಂತರದ್ದಾದಾಗ ಮಾತ್ರ ಮೊತ್ತ 3ರಿಂದ ಭಾಗವಾಗುವುದಿಲ್ಲ. ಹೀಗೆ ಸೋಸಿದರೆ ಪ್ರತಿ 30 ಸಂಖ್ಯೆಗೆ ಉಳಿಯುವುದು ನಾಲ್ಕೇ. 7 ಉಳಿಯಿತಲ್ಲ ಎಂದು ಹಿಗ್ಗಬೇಡಿ, 1234567 = 127 × 9721. ಕಂಪ್ಯೂಟರಿನಲ್ಲಿ 3 ಲಕ್ಷ ದಾಟಿ ಹುಡುಕಿದ್ದಾರೆ, ಒಂದೂ ಸಿಕ್ಕಿಲ್ಲ. ಎಲ್ಲೋ ಇರಬೇಕೆಂಬುದು ಗಣಿತಜ್ಞರ ಅಂದಾಜು, ಸಾಧನೆ ಇಲ್ಲ. ತಮಾಷೆಯೆಂದರೆ, 10ರವರೆಗೆ ಏರಿ ಮತ್ತೆ ಇಳಿದರೆ ಬರುವ 12345678910987654321 ಅವಿಭಾಜ್ಯ!

ಪ್ರಶ್ನೆ: 3 ಮತ್ತು 7ನ್ನು ಹೇಗೆ ಜೋಡಿಸಿದರೂ ಅವಿಭಾಜ್ಯ: 37, 73. ಇಂಥ ಗುಂಪು ದೊಡ್ಡದಾಗಬಹುದೇ?
– ಡಿಪ್ಲೊಮಾ ವಿದ್ಯಾರ್ಥಿ, ಹಾಸನ

ಉತ್ತರ: ಆಗುತ್ತದೆ. 3, 7, 109, 673 ಇವುಗಳಲ್ಲಿ ಯಾವ ಎರಡನ್ನು ಯಾವ ಕ್ರಮದಲ್ಲಿ ಜೋಡಿಸಿದರೂ ಅವಿಭಾಜ್ಯವೇ. ಐದರ ಗುಂಪು ಬೇಕೆಂದರೆ 13, 5197, 5701, 6733, 8389.

ಹುಡುಕುವ ಮುನ್ನ ಮೇಲಿನ ಜರಡಿಯನ್ನೇ ಹಿಡಿಯಿರಿ. 7ಕ್ಕೆ ಶೇಷ 1, 11ಕ್ಕೆ ಶೇಷ 2. ಕೂಡಿದರೆ 3. ಆದ್ದರಿಂದ 711, 117 ಎರಡೂ ಕೆಟ್ಟವು. 3 ಒಂದನ್ನು ಬಿಟ್ಟು ಗುಂಪಿನಲ್ಲಿರುವ ಎಲ್ಲಕ್ಕೂ ಶೇಷ ಒಂದೇ ಇರಬೇಕು. ಕೊಟ್ಟಿರುವ ಎರಡು ಗುಂಪುಗಳಲ್ಲೂ ಅದು 1. ಇದರಿಂದ ಅರ್ಧ ಕೆಲಸ ಉಳಿಯುತ್ತದೆ, ಪೂರ್ತಿಯಲ್ಲ: 7, 13ಕ್ಕೆ ಶೇಷ ಒಂದೇ, 137 ಅವಿಭಾಜ್ಯ, ಆದರೆ 713 = 23 × 31.

ಪ್ರೋಗ್ರಾಮ್ ಬರೆಯುವ ಮೊದಲು 3109ನ್ನಾದರೂ ಕೈಯಲ್ಲೇ ಪರೀಕ್ಷಿಸಿ. 53ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು.