ಅಕ್ಷರ ತೆರೆಯ ಅಂಚೆ

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಹಿರಿಯರ ಮಾತು ಗಣಕಯಂತ್ರಕ್ಕೂ ಒಪ್ಪುತ್ತದೆ. ಹಳೆಯ ಯಂತ್ರದ ಮೇಲೆ ದೊಡ್ಡ ತಂತ್ರಾಂಶಗಳನ್ನು ಹೇರಿದರೆ ಅದು ಏದುಸಿರು ಬಿಡುತ್ತದೆ. ಗುಜರಿಗೆ ಹಾಕುವ ಮೊದಲು ಅದರಲ್ಲಿ ಯುನಿಕ್ಸ್ ಮಾದರಿಯ ಕಿರಿದಾದ ವ್ಯವಸ್ಥೆಯೊಂದನ್ನು ಹೂಡಿ ನೋಡೋಣ. ಅಲ್ಲಿ ಚಿತ್ರಗಳಿಲ್ಲ, ಅಕ್ಷರಗಳೇ ಎಲ್ಲ. ಆದರೂ ಮಿಂಚಂಚೆ ಓದಬಹುದು, ಬರೆಯಬಹುದು. ಯಾವ ತಂತ್ರಾಂಶದಿಂದ ಎಂಬುದೇ ಪ್ರಶ್ನೆ.

ಅಂಚೆಯ ಕೆಲಸಗಳು ಮೂರು: ಪತ್ರವನ್ನು ತರುವುದು, ಓದಿಸುವುದು, ಕಳುಹಿಸುವುದು. ಈ ಅಳತೆಗೋಲಿನಿಂದ ಮೂರು ತಂತ್ರಾಂಶಗಳನ್ನು ಪರೀಕ್ಷಿಸೋಣ.

1. ಮೇಲ್: 1971ರ ಮೊದಲ ಯುನಿಕ್ಸ್‌ನಲ್ಲಿಯೇ ಇದ್ದ ಆಜ್ಞೆ ಇದು. ಗಾತ್ರ ಬಹಳ ಚಿಕ್ಕದು. ಆದರೆ ಇದರ ಸರಳ ರೂಪಗಳು ತಮ್ಮ ಯಂತ್ರಕ್ಕೆ ಬಂದು ಬಿದ್ದ ಪತ್ರವನ್ನಷ್ಟೇ ಓದಿಸುತ್ತವೆ. ದೂರದಿಂದ ತರಲು ಬೇರೆ ಸಹಾಯಕ ಬೇಕು. ಸಂಕೇತದಲ್ಲಿ ಸುತ್ತಿ ಬಂದ ಕನ್ನಡ ಪತ್ರವನ್ನು ಬಿಚ್ಚಲಾರದೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ತೋರಿಸುತ್ತವೆ.

2. ಆಲ್ಪೈನ್: ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ 1989ರಲ್ಲಿ ಆರಂಭವಾದ ಪೈನ್‌ನ ಉತ್ತರಾಧಿಕಾರಿ, 2007ರಲ್ಲಿ ಬಂದಿತು. ಯಾವ ಕೀಲಿ ಒತ್ತಿದರೆ ಏನಾಗುವುದೆಂದು ತೆರೆಯ ಕೆಳಗೇ ಬರೆದಿರುತ್ತದೆ. ಮೂರು ಕೆಲಸಗಳನ್ನೂ ತಾನೇ ಮಾಡಬಲ್ಲದು.

3. ಮಟ್: ಮೈಕೆಲ್ ಎಲ್ಕಿನ್ಸ್ ಅವರು 1995ರಲ್ಲಿ ರಚಿಸಿದ್ದು. ಒಂದೇ ವಿಷಯದ ಪತ್ರೋತ್ತರಗಳನ್ನು ಮರದ ಕೊಂಬೆಗಳಂತೆ ಜೋಡಿಸಿ ತೋರಿಸುತ್ತದೆ. ಆದರೆ ಅದರ ಕಟ್ಟಳೆಗಳನ್ನು ಒಂದು ಕಡತದಲ್ಲಿ ನಾವೇ ಬರೆದಿಡಬೇಕು. ಗುಪ್ತಪದವನ್ನು ಅಲ್ಲಿ ಬರೆದರೆ ಆ ಕಡತವನ್ನು ಇತರರು ಓದದಂತೆ ಮಾಡುವುದನ್ನು ಮರೆಯಬಾರದು.

ನಮ್ಮ ಪತ್ರಗಳು ಕನ್ನಡದವು. ಆದುದರಿಂದ ಇನ್ನೊಂದು ಪರೀಕ್ಷೆ ಉಳಿದಿದೆ. ‘ಅಕ್ಕ’ ಎಂಬ ಪದ ನಮ್ಮ ಕಣ್ಣಿಗೆ ಎರಡಕ್ಷರ. ಯಂತ್ರಕ್ಕೆ ಅದು ಅ, ಕ, ವಿರಾಮ, ಕ ಎಂಬ ನಾಲ್ಕು ಚಿಹ್ನೆ. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್. ಒಟ್ಟು 12 ಬೈಟ್. ಇವು ಸರಿಯಾಗಿ ಬಂದಿದ್ದರೂ ತೆರೆಯು ಒತ್ತಕ್ಷರವನ್ನು ಜೋಡಿಸಲಾರದೆ ಹೋಗಬಹುದು. ಲಿನಕ್ಸ್‌ನ ಬರಿಯ ಅಕ್ಷರ ತೆರೆಯಲ್ಲಿ ಹೆಚ್ಚೆಂದರೆ 512 ಅಕ್ಷರರೂಪಗಳಿಗೆ ಮಾತ್ರ ಸ್ಥಳ. ಕನ್ನಡ ಅಲ್ಲಿ ಮೂಡದು. ಆಗ ತಪ್ಪು ಪತ್ರದ್ದಲ್ಲ, ಅಂಚೆಯದೂ ಅಲ್ಲ, ತೆರೆಯದು. ಅಳಿಸದೆ ಕಾದಿಟ್ಟು, ಕನ್ನಡ ಜೋಡಿಸಬಲ್ಲ ಬೇರೆ ತೆರೆಯಲ್ಲಿ ಓದಬೇಕು.

ಹೊಸಬರು ಆಲ್ಪೈನ್‌ನಿಂದ ಆರಂಭಿಸಿ, ಕೈ ಪಳಗಿದ ಮೇಲೆ ಮಟ್‌ಗೆ ಹೋಗುವುದು ಲೇಸೆಂದು ನಮ್ಮ ಅಭಿಪ್ರಾಯ. ಯಾವುದನ್ನು ಆರಿಸಿದರೂ ಮೊದಲು ‘ಅಕ್ಕ’ ಎಂದು ಬರೆದು ಗೆಳೆಯರಿಗೆ ಕಳುಹಿಸಿರಿ. ಅದೇ ಪದ ಒತ್ತಕ್ಷರ ಸಮೇತ ಮರಳಿ ಬಂದರೆ ನಿಮ್ಮ ಆಯ್ಕೆ ಸರಿಯಾಯಿತೆಂದು ತಿಳಿಯಿರಿ.